ಶ್ರುತಿ ಬೇಡ ಎಂದವಳು

ನನ್ನಕ್ಕನ ದನಿ ಕೇಳಿದರೆ ನನಗೆ ಮೈ ಉರಿಯುತ್ತದೆ. ಊರಿಗೆಲ್ಲ ಅದು ಜೇನು. ಪ್ರತಿ ಭಾನುವಾರ ಮಧ್ಯಾಹ್ನ ಅವಳ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಕಾರ್ಯಕ್ರಮ ರೇಡಿಯೋದಲ್ಲಿ ಬರುತ್ತದೆ, ಊಟ ಮುಗಿಸಿದ ಜನ ಕಣ್ಣು ಮುಚ್ಚಿಕೊಂಡು ಕೇಳುತ್ತಾರೆ. ಮಾರನೇ ದಿನ ನನ್ನ ಪರದೆ ಅಂಗಡಿಗೆ ಬಂದು ಕಿಟಕಿಯ ಅಳತೆ ಕೊಡುತ್ತ, "ನೀವು ಅವರ ತಂಗಿಯಂತಲ್ಲ, ಎಷ್ಟು ಪುಣ್ಯ ಮಾಡಿದೀರಿ" ಎನ್ನುತ್ತಾರೆ. ಕೆಲಸದ ಹೊತ್ತಿನಲ್ಲಿ ನನ್ನ ತುಟಿಗಳ ನಡುವೆ ಗುಂಡುಸೂಜಿಗಳಿರುತ್ತವೆ. ಅದೊಂದು ದೊಡ್ಡ ಉಪಕಾರ, ಉತ್ತರ ಕೊಡಬೇಕಾಗಿಲ್ಲ.

ಕಳೆದ ತಿಂಗಳು ಅವಳೇ ಅಂಗಡಿಗೆ ಫೋನ್ ಮಾಡಿದಳು. ಹಬೆ ಇಸ್ತ್ರಿ ಬುಸುಗುಡುತ್ತಿತ್ತು, ನಾನು ಅದನ್ನು ಆರಿಸಲಿಲ್ಲ.

"ಮುಂದಿನ ವಾರ ಹಳೇ ಸಿಂಥಸೈಜರ್ ರೆಕಾರ್ಡುಗಳ ಬಗ್ಗೆ ಮಾಡ್ತಿದೀನಿ ಕಣೇ. ನಮ್ಮನೇಲಿತ್ತಲ್ಲ, ಅದು. ನೀನೂ ಬಾ. ಇಬ್ರೂ ಕೂತು ನೆನಪು ಮಾಡ್ಕೊಳ್ಳೋಣ. ಕೇಳೋರಿಗೆ ಇಂಥದ್ದು ತುಂಬ ಇಷ್ಟ ಆಗುತ್ತೆ."

"ಬರ್ತೀನಿ" ಎಂದೆ.

ಬೇಡ ಎನ್ನುತ್ತೇನೆಂದೇ ಅವಳು ಕರೆದಿದ್ದಳು. ಕರೆದೆ, ಅವಳೇ ಬರಲಿಲ್ಲ ಎಂದು ನಾಲ್ಕು ಜನರ ಮುಂದೆ ನಿಟ್ಟುಸಿರು ಬಿಡುವುದು ಅವಳ ಹಳೆಯ ಚಾಳಿ.

ನೆನಪು ಮಾಡಿಕೊಳ್ಳುವುದಕ್ಕೆ ನನಗೇನೂ ಹಂಬಲವಿರಲಿಲ್ಲ. ಅವಳನ್ನು ಕೇಳಬೇಕಾದ ಪ್ರಶ್ನೆ ಒಂದಿತ್ತು. ಸಂಗೀತ ಶಾಲೆಯ ಪ್ರವೇಶ ಪರೀಕ್ಷೆಯ ಬೆಳಗ್ಗೆ ಅವಳು ನನಗೊಂದು ಬುದ್ಧಿ ಹೇಳಿದಳು. ಅದನ್ನು ಗೊತ್ತಿದ್ದೂ ಹೇಳಿದಳೋ, ಗೊತ್ತಿಲ್ಲದೆ ಹೇಳಿದಳೋ? ಅಪ್ಪ ಸತ್ತ ವರ್ಷದಿಂದ ಈ ಪ್ರಶ್ನೆ ನನ್ನನ್ನು ಹುಳದ ಹಾಗೆ ಕೊರೆಯುತ್ತಿತ್ತು.

ಇದು ಅರ್ಥವಾಗಬೇಕಾದರೆ ಆ ರೆಕಾರ್ಡಿನ ಕಥೆ ಹೇಳಬೇಕು.

ಅಪ್ಪ ಫ್ಯಾನು, ಮಿಕ್ಸಿ, ನೀರಿನ ಮೋಟಾರು ರಿಪೇರಿ ಮಾಡುತ್ತಿದ್ದರು. ಮನೆಯ ಮುಂದಿನ ಕೋಣೆಯೇ ಅಂಗಡಿ. ಯಾರೋ ಒಬ್ಬ ಗಿರಾಕಿ ಕೆಟ್ಟ ರೆಕಾರ್ಡ್ ಪ್ಲೇಯರೊಂದನ್ನು ತಂದಿಟ್ಟು ಹೋದವನು ತಿರುಗಿ ಬರಲೇ ಇಲ್ಲ. ಅದರ ತಟ್ಟೆಯ ಮೇಲೆ ಒಂದು ರೆಕಾರ್ಡೂ ಹಾಗೇ ಉಳಿದಿತ್ತು, ಮುಚ್ಚಳದಲ್ಲಿ ಅದರ ಕವರು. ಕವರಿನ ಮೇಲೆ ಬೀರುವಿನಷ್ಟು ದೊಡ್ಡ ಯಂತ್ರ, ಅದರ ತುಂಬ ತಿರುಗಣೆಗಳು, ಜೋತುಬಿದ್ದ ವಯರುಗಳು. ಅಪ್ಪ ಬಹಳ ಹೊತ್ತು ಅದನ್ನೇ ನೋಡಿ, "ಟೆಲಿಫೋನ್ ಎಕ್ಸ್‌ಚೇಂಜಿನ ರೆಕಾರ್ಡು ಇರಬೇಕು" ಎಂದರು.

ಬೆಲ್ಟು ಜಾರುತ್ತಿತ್ತು. ಅಪ್ಪ ಏನೋ ಮಾಡಿ ತಟ್ಟೆ ತಿರುಗುವಂತೆ ಮಾಡಿದರು, ಮುಳ್ಳು ಇಟ್ಟರು. ಬಂದ ಸದ್ದಿಗೆ ಅಮ್ಮ ಒಳಗಿನಿಂದ ಓಡಿಬಂದು, "ಏನು ಸುಟ್ಟುಹೋಯ್ತು?" ಎಂದು ಕೇಳಿದಳು.

ಏನೂ ಸುಟ್ಟಿರಲಿಲ್ಲ. ಎಷ್ಟೋ ತಲೆಮಾರಿನ ಹಿಂದೆ ಸತ್ತ ರಚನಕಾರನೊಬ್ಬ ಪಿಟೀಲು, ತುತ್ತೂರಿಗಳಿಗೆಂದು ಬರೆದದ್ದನ್ನು ಯಾರೋ ತಾಳ್ಮೆಗೆಡದೆ ಒಂದೊಂದೇ ಎಳೆಯಾಗಿ ಆ ಯಂತ್ರದಲ್ಲಿ, ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ಆ ಸಿಂಥಸೈಜರಿನಲ್ಲಿ, ನುಡಿಸಿ, ಎಳೆಯ ಮೇಲೆ ಎಳೆ ಕೂರಿಸಿದ್ದರು. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಆಗ ಕೇಳಿಸಿದ್ದು ಡಬ್ಬದೊಳಗೆ ಸಿಕ್ಕ ದುಂಬಿಯೊಂದು ಲೆಕ್ಕ ತಪ್ಪದೆ ಹಾಡುತ್ತಿದ್ದದ್ದು, ಅದರ ಕೆಳಗೆ ಇನ್ನೊಂದು ದುಂಬಿ, ಅದರ ಕೆಳಗೆ ಗೊರಕೆಯಂಥದ್ದು. ನಾನು ಇನ್ನೂ ಲಂಗ ಕಚ್ಚಿಕೊಂಡು ನಿಲ್ಲುವ ವಯಸ್ಸಿನವಳು. ಜಗತ್ತಿನಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಇದೆ ಎಂದು ಯಾರೂ ನನಗೆ ಹೇಳಿರಲಿಲ್ಲ. ನಿಜ ಹೇಳುತ್ತೇನೆ, ಆಮೇಲೆ ಮದುವೆಯಲ್ಲೂ ನನಗೆ ಅಷ್ಟು ಸಂತೋಷವಾಗಲಿಲ್ಲ.

ಶಾಲೆ ಬಿಟ್ಟೊಡನೆ ನಾವಿಬ್ಬರೂ ಅಂಗಡಿಯ ನೆಲದ ಮೇಲೆ, ತಾಮ್ರದ ತಂತಿಯ ಚೂರುಗಳ ನಡುವೆ ಕೂತು ಅದನ್ನೇ ಕೇಳುತ್ತಿದ್ದೆವು. ಸಂಗೀತಗಾರರು ಕೇಳಿದರೆ ಮೂಗು ಮುರಿಯುತ್ತಾರೆಂದು ನಮಗೇನು ಗೊತ್ತು? ಅಕ್ಕ ಗ್ರಂಥಾಲಯದಿಂದ ಆ ಕೃತಿಯ ಸ್ವರಲಿಪಿ ತಂದಳು, ಓದುವ ಕ್ರಮವನ್ನೂ ಪುಸ್ತಕ ನೋಡಿಯೇ ಕಲಿತೆವು. ರೆಕಾರ್ಡು ಹಾಡುತ್ತಿತ್ತು, ನಮ್ಮ ಬೆರಳು ಕಾಗದದ ಮೇಲೆ ಅದರ ಹಿಂದೆ ಓಡುತ್ತಿತ್ತು. ಹೀಗೆ ಒಂದೊಂದು ಸ್ವರಕ್ಕೂ ಅದರ ಹೆಸರು ನನ್ನ ಕಿವಿಯಲ್ಲಿ ಅಂಟಿಕೊಂಡಿತು. ಆಮೇಲೆ ಫ್ಯಾನು ಗುಂಯ್ ಎಂದರೂ ಅದು ಯಾವ ಸ್ವರ ಎಂದು ಹೇಳುತ್ತಿದ್ದೆ. ಅಪ್ಪ ಗಿರಾಕಿಗಳ ಮುಂದೆ ಲೋಟ ಬಡಿದು ನನ್ನನ್ನು ಕೇಳುವರು. ನನಗೆ 'ಕಿವಿ' ಎಂದೇ ಹೆಸರಿಟ್ಟರು. "ಕಿವೀ, ಊಟಕ್ಕೆ ಬಾ" ಎಂದರೆ ಬೀದಿಯವರಿಗೆಲ್ಲ ನಗು.

ಅಕ್ಕನಿಗೆ ಅದು ಬರುತ್ತಿರಲಿಲ್ಲ. ಒಂದು ಸ್ವರ ನುಡಿಸಿ ಇದು ಇಂಥದ್ದು ಎಂದು ಶ್ರುತಿ ಕೊಟ್ಟರೆ ಅಲ್ಲಿಂದ ಎಣಿಸಿಕೊಂಡು ಮಿಕ್ಕದ್ದನ್ನು ಹೇಳುವಳು, ಎಲ್ಲರ ಹಾಗೆ. ನಾನು ನಕ್ಕರೆ ತಲೆಗೆ ಮೊಟಕುವಳು. ಅದು ಅಕ್ಕಂದಿರ ಹಕ್ಕು ಎಂದುಕೊಂಡಿದ್ದೆ.

ದೊಡ್ಡವಳಾದ ಮೇಲೆ ಅವಳು ಸಂಗೀತ ಶಾಲೆ ಸೇರಿದಳು. ಪರೀಕ್ಷೆಯಲ್ಲಿ ಶ್ರುತಿ ಕೇಳಿ ತೆಗೆದುಕೊಂಡು, ಎಣಿಸಿಕೊಂಡು, ಪಾಸಾಗಿ ಹೋದಳು. ನನ್ನ ಸರದಿ ಬಂದಾಗ ಅವಳೇ ನನ್ನನ್ನು ಕರೆದುಕೊಂಡು ಹೋದಳು. ದಾರಿಯಲ್ಲಿ ಬಸ್ಸಿನ ಕಂಬಿ ಹಿಡಿದು ನಿಂತಿದ್ದಾಗ ಹೇಳಿದಳು, "ಶ್ರುತಿ ಕೊಡ್ಲಾ ಅಂತ ಕೇಳ್ತಾರೆ. ಬೇಡ ಅನ್ನು. ಶ್ರುತಿ ಇಲ್ದೆ ಹೇಳೋರಿಗೆ ಅಲ್ಲಿ ತುಂಬ ಬೆಲೆ. ಕಣ್ಮುಚ್ಚಿ ಸೀಟು ಕೊಡ್ತಾರೆ."

ನಾನು ಬೇಡ ಎಂದೆ. ಎಷ್ಟು ಜಂಬದಿಂದ ಎಂದೆ ಎಂದರೆ ಅಂಕ ಬರೆದುಕೊಳ್ಳಲು ಕೂತಿದ್ದವನು ತಲೆ ಎತ್ತಿ ನೋಡಿದ. ಪಿಯಾನೋ ಇದ್ದದ್ದು ಕೋಣೆಯ ಆ ಮೂಲೆಯಲ್ಲಿ, ನುಡಿಸುವಾಕೆಯ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅವಳು ಚೀಟಿ ನೋಡಿ ಒತ್ತುವಳು, ನಾನು ಹೆಸರು ಹೇಳುವೆ, ಇವನು ಉತ್ತರದ ಹಾಳೆ ನೋಡಿ ಗುರುತು ಹಾಕುವ. ಅವನಿಗೆ ಸಂಗೀತ ಬರುತ್ತಿತ್ತೋ ಇಲ್ಲವೋ, ಹಾಳೆ ಓದಲಂತೂ ಬರುತ್ತಿತ್ತು. ಮುಗಿದ ಮೇಲೆ, "ಒಂದೂ ಸರಿಯಿಲ್ಲ ಕಣಮ್ಮ. ಒಂದಾದ್ರೂ ಕುರುಡು ಗುರಿಗೆ ಬೀಳ್ಬೇಕಿತ್ತು. ಮುಂದಿನವರನ್ನ ಕಳ್ಸು" ಎಂದ.

ಮನೆಗೆ ಬಂದು ವಿಷಯ ಹೇಳಿದಾಗ ಅಪ್ಪ ಬಯ್ಯಲಿಲ್ಲ. ನನ್ನನ್ನು ಕಿವಿ ಎಂದು ಕರೆಯುವುದನ್ನು ಬಿಟ್ಟರು, ಅಷ್ಟೇ. ಇಷ್ಟು ದಿನ ನಾನು ಎಲ್ಲರ ಕಿವಿ ಮೇಲೆ ಹೂವಿಟ್ಟೆ ಎಂದು ಅವರಿಗನ್ನಿಸಿರಬೇಕು, ನನಗೂ ಹಾಗೇ ಅನ್ನಿಸಿತು. ಚಿಕ್ಕಮ್ಮನ ಜೊತೆ ಹೊಲಿಗೆಗೆ ಹೋಗತೊಡಗಿದೆ. ಪರದೆಯೊಳಗೆ ಸುಳ್ಳಿಲ್ಲ, ಅಳತೆ ತಪ್ಪಿದರೆ ನೆಲಕ್ಕೆ ತಾಗುತ್ತದೆ ಇಲ್ಲವೇ ಮೊಣಕಾಲಿಗೆ ನಿಲ್ಲುತ್ತದೆ.

ಅಪ್ಪ ಸತ್ತ ಮೇಲೆ ಅಂಗಡಿ ಖಾಲಿ ಮಾಡಲು ಹೋದವಳು ನಾನು. ಅಕ್ಕನಿಗೆ ರೆಕಾರ್ಡಿಂಗ್ ಇತ್ತು. ಪ್ಲೇಯರಿನ ತಳ ಬಿಚ್ಚಿದೆ. ಬೆಲ್ಟು ಕರಗಿ ಗೋಂದಾಗಿತ್ತು. ಬೆಲ್ಟು ಹಿಡಿದುಕೊಳ್ಳುವ ಮೋಟಾರಿನ ಕಡ್ಡಿಗೆ, ಜಾರದಿರಲಿ ಎಂದು ಅಪ್ಪ ಬಟ್ಟೆಯ ಟೇಪು ಸುತ್ತಿದ್ದರು. ಅದನ್ನು ಬೆರಳಲ್ಲಿ ಹಿಡಿದು ಅಲ್ಲೇ ಕುಕ್ಕರಿಸಿದೆ. ಕಡ್ಡಿ ದಪ್ಪವಾದರೆ ಬೆಲ್ಟು ಜೋರು, ಬೆಲ್ಟು ಜೋರಾದರೆ ತಟ್ಟೆ ಜೋರು, ತಟ್ಟೆ ಜೋರಾದರೆ ಇಡೀ ರೆಕಾರ್ಡು ಅರ್ಧ ಸ್ವರ ಮೇಲೆ. ನಾನು ಕಾಗದದ ಮೇಲೆ ಒಂದು ಹೆಸರು ಓದುತ್ತ, ಕಿವಿಯಲ್ಲಿ ಅದರ ಪಕ್ಕದ್ದನ್ನು ಕೇಳುತ್ತ ಬೆಳೆದಿದ್ದೆ.

ಆ ರೆಕಾರ್ಡಿನಲ್ಲಿ ಮನುಷ್ಯರ ದನಿ ಇದ್ದಿದ್ದರೆ ಅಮ್ಮನಿಗೂ ತಿಳಿಯುತ್ತಿತ್ತು, ಇದೇನು ಇಲಿ ಕಿಚಗುಟ್ಟಿದ ಹಾಗಿದೆ ಎನ್ನುತ್ತಿದ್ದಳು. ನಿಜವಾದ ಪಿಟೀಲು ಇದ್ದಿದ್ದರೂ ಯಾರಾದರೂ ಅನುಮಾನಪಡುತ್ತಿದ್ದರು. ಆ ಯಂತ್ರಕ್ಕೆ ಗಂಟಲಿಲ್ಲ, ಮರದ ಹೊಟ್ಟೆಯಿಲ್ಲ. ಅದನ್ನು ಎಷ್ಟು ಜೋರಾಗಿ ಓಡಿಸಿದರೂ ಅದು ತನ್ನ ಹಾಗೇ ಕೇಳಿಸುತ್ತದೆ. ಆಮೇಲೆ ಅಕ್ಕ ಹಳೇ ಸಾಮಾನಿನ ಅಂಗಡಿಯಿಂದ ಹುಡುಕಿ ತಂದವೂ ಅದೇ ಜಾತಿಯ ರೆಕಾರ್ಡುಗಳು.

ಇಷ್ಟು ತಿಳಿದ ಮೇಲೆ ಪ್ರಶ್ನೆ ಹುಟ್ಟಿತು. ಸಂಗೀತ ಶಾಲೆಯಲ್ಲಿ ಪಿಯಾನೋ ಪಕ್ಕದಲ್ಲಿ ದಿನ ಕಳೆದವಳಿಗೆ ಮನೆಯ ರೆಕಾರ್ಡು ಅರ್ಧ ಸ್ವರ ಮೇಲಿದೆ ಎಂದು ತಿಳಿದಿತ್ತೇ? ಶ್ರುತಿ ತೆಗೆದುಕೊಂಡಿದ್ದರೆ ಆ ವ್ಯತ್ಯಾಸ ನನಗೆ ಅಲ್ಲೇ ಗೊತ್ತಾಗುತ್ತಿತ್ತು. ತಿಳಿದೂ 'ಶ್ರುತಿ ಬೇಡ ಅನ್ನು' ಎಂದಳೇ?

ರೇಡಿಯೋ ಕೇಂದ್ರದಲ್ಲಿ ಅವಳು ನನ್ನನ್ನು ತಬ್ಬಿಕೊಂಡಳು. ಸೆಂಟು ಮೂಗಿಗೆ ಹೊಡೆಯಿತು. ಸ್ಟುಡಿಯೋದ ಗೋಡೆಗೆ ಉದ್ದಕ್ಕೂ ದಪ್ಪ ಪರದೆ ಇಳಿಬಿಟ್ಟಿದ್ದರು, ಮಡಿಕೆಗಳು ಒಂದಕ್ಕೊಂದು ಸಮ ಇರಲಿಲ್ಲ, ಅಂಚು ಒಂದು ಕಡೆ ಬಿಚ್ಚಿತ್ತು. ಇಂಥ ಕೆಲಸ ಮಾಡಿದವನ ಕೈ ಕಡಿಯಬೇಕು. ಗಾಜಿನ ಆಚೆ ತಂತ್ರಜ್ಞ ಹೆಡ್‌ಫೋನ್ ಸರಿಮಾಡಿಕೊಳ್ಳುತ್ತಿದ್ದ. ಇನ್ನೂ ಸ್ವಲ್ಪ ಸಮಯವಿತ್ತು. ಕಾರ್ಯಕ್ರಮ ಮುಗಿಯುವತನಕ ಕಾಯುವುದು ನನ್ನಿಂದಾಗಲಿಲ್ಲ.

"ಅಪ್ಪನ ಪ್ಲೇಯರು ಅರ್ಧ ಸ್ವರ ಮೇಲೆ ಓಡ್ತಿತ್ತು. ನಿನಗೆ ಗೊತ್ತಿತ್ತಾ?"

ಅವಳು ನೀರಿನ ಲೋಟವನ್ನು ಕೆಳಗಿಟ್ಟಳು. "ಹೌದಾ? ಅಯ್ಯೋ, ಹಾಗಿತ್ತಾ? ನಾವೇನು ಕಂಡಿದ್ವಿ ಹೇಳು. ಮಕ್ಕಳು. ಪಾಪ, ಅದಕ್ಕೇ ನಿನ್ನ ಪರೀಕ್ಷೆ ಹಾಗಾಯ್ತೇನೋ."

"ಶ್ರುತಿ ಬೇಡ ಅನ್ನು ಅಂತ ನೀನೇ ಹೇಳಿದ್ದು."

"ನಾನಾ? ಹೇಳಿರಬಹುದಪ್ಪ, ನೆನಪಿಲ್ಲ. ನಿನ್ನ ಕಿವಿ ಮೇಲೆ ಅಷ್ಟು ನಂಬಿಕೆ ಇತ್ತು ನನಗೆ."

ಕಣ್ಣಂಚಿನಲ್ಲಿ ನೀರೂ ತಂದುಕೊಂಡಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡುವುದನ್ನು ಅವಳಿಗೆ ಯಾರೂ ಕಲಿಸಬೇಕಾಗಿಲ್ಲ. ಆದರೂ ಒಂದು ಮಾತು ಒಪ್ಪಿಕೊಳ್ಳಲೇಬೇಕು, ನಾನು ಅರ್ಧ ನಂಬಿದೆ. ನಂಬುವುದಕ್ಕೆ ನನಗೆ ಆಸೆಯೂ ಇತ್ತು. ಇಷ್ಟು ವರ್ಷ ದ್ವೇಷ ಹೊತ್ತು ಬೆನ್ನು ನೋಯುತ್ತಿತ್ತು. ಗೊತ್ತಿರಲಿಲ್ಲ ಎಂದಾದರೆ ಅಲ್ಲೇ ಇಳಿಸಿ ಮನೆಗೆ ಹೋಗಬಹುದಿತ್ತು.

ಕೆಂಪು ದೀಪ ಹತ್ತಿತು. ಅವಳು ಮೈಕಿನತ್ತ ಬಾಗಿದಳು, ದನಿಯೊಳಗೆ ಜೇನು ಇಳಿಯಿತು.

ಅಪ್ಪನ ಅಂಗಡಿ, ತಾಮ್ರದ ತಂತಿ, ಏನು ಸುಟ್ಟುಹೋಯ್ತು ಎಂದ ಅಮ್ಮ, ಎಲ್ಲವನ್ನೂ ಹೇಳಿದಳು. ಚೆನ್ನಾಗಿಯೇ ಹೇಳಿದಳು, ಹಾಳಾದವಳು. "ಆ ಯಂತ್ರ ಇಲ್ಲದಿದ್ದರೆ ಇವತ್ತು ನಾನು ನಿಮ್ಮ ಮುಂದೆ ಇರುತ್ತಿರಲಿಲ್ಲ. ದೊಡ್ಡ ಸಭಾಂಗಣ ನಾವು ಕಂಡವರಲ್ಲ. ನಮಗೆ ಸಂಗೀತದ ಬಾಗಿಲು ತೆಗೆದದ್ದು ಒಂದು ವಯರಿನ ಬೀರು" ಎಂದಳು. ನಾನೂ ತಲೆಯಾಡಿಸಿಬಿಟ್ಟೆ, ಅದಕ್ಕೆ ನನ್ನ ಮೇಲೇ ಸಿಟ್ಟು ಬಂತು. ನಡುನಡುವೆ ನನ್ನನ್ನು ಕೇಳುವಳು, ನಾನು ಹೌದು, ಇಲ್ಲ ಎನ್ನುವೆ. ಅವಳಿಗೆ ಅದೂ ಸಾಕಿತ್ತು, ಅದನ್ನೇ ಹಿಗ್ಗಿಸಿ ಹೇಳುವಳು.

ಕಾರ್ಯಕ್ರಮ ಹದಕ್ಕೆ ಬಂತು. ಅವಳಿಗೆ ಮಾತಿನ ಮತ್ತೇರಿತು. ಕೇಳುಗರನ್ನು ನಗಿಸುವ ಘಳಿಗೆ ಬಂದಿದೆ ಎಂದು ಅವಳ ಹುಬ್ಬೇ ಹೇಳುತ್ತಿತ್ತು.

"ನನ್ನ ತಂಗಿಗೆ ಆ ರೆಕಾರ್ಡು ಅಂದ್ರೆ ಪ್ರಾಣ. ಒಂದು ತಮಾಷೆ ಹೇಳ್ತೀನಿ ಕೇಳಿ. ನಾನು ಸಂಗೀತ ಶಾಲೆಯಿಂದ ಮೊದಲನೇ ರಜೆಗೆ ಮನೆಗೆ ಬಂದಿದ್ದೆ. ನಮ್ಮಪ್ಪ ಪ್ಲೇಯರಿನ ಮೋಟಾರಿಗೆ ಟೇಪು ಸುತ್ತಿಬಿಟ್ಟಿದ್ರು, ಅದು ಓಡೋದು ಓಡೋದೇ! ನಾನು ಜಾಣೆ ಥರ ಟೇಪು ಕಿತ್ತು ಸರಿ ಮಾಡಿಟ್ಟೆ. ಇವಳು ಶಾಲೆಯಿಂದ ಬಂದು ರೆಕಾರ್ಡು ಹಾಕಿದ್ಳು. ಹಾಕಿದ್ದೇ ತಡ, ಹೋ ಅಂತ ಅಳು! ನನ್ನ ರೆಕಾರ್ಡಿಗೆ ಹುಷಾರಿಲ್ಲ, ಸಾಯ್ತಾ ಇದೆ ಅಂತ. ಕೊನೆಗೆ ಪಾಪ ಅನ್ನಿಸಿ, ಯಾರಿಗೂ ಹೇಳ್ದೆ ಗುಟ್ಟಾಗಿ ಮತ್ತೆ ಟೇಪು ಸುತ್ತಿಟ್ಟೆ. ಬೆಳಗಾದ್ರೆ ಇವಳ ಮುಖ ಅರಳಿತ್ತು!"

ಗಾಜಿನ ಆಚೆ ತಂತ್ರಜ್ಞ ನಗುತ್ತಿದ್ದ. ಆ ಅಳು ನನಗೆ ಮಸುಕಾಗಿ ನೆನಪಿತ್ತು. ಬೆಲ್ಟು ಜಾರಿರಬೇಕು, ಬೆಳಗ್ಗೆ ನೋಡ್ತೀನಿ ಎಂದು ಅಪ್ಪ ಸಮಾಧಾನ ಮಾಡಿದ್ದರು. ಬೆಳಗ್ಗೆ ಅದು ತಾನಾಗಿಯೇ ಸರಿಹೋಗಿತ್ತು. ಅದರೊಳಗೆ ಇವಳ ಕೈ ಇತ್ತೆಂದು ಇವತ್ತಿನವರೆಗೆ ಯಾರೂ ನನಗೆ ಹೇಳಿರಲಿಲ್ಲ.

ನಾನು ಮೈಕನ್ನು ಹತ್ತಿರಕ್ಕೆ ಎಳೆದುಕೊಂಡೆ. "ಮೊದಲನೇ ರಜೆ ಅಂದ್ರೆ, ನನ್ನ ಪರೀಕ್ಷೆಗಿಂತ ಮುಂಚೆ."

ಅವಳ ನಗು ಅರ್ಧಕ್ಕೆ ನಿಂತಿತು. ನಾನು ಹುಟ್ಟಿದಂದಿನಿಂದ ಅವಳಿಗೆ ಮಾತು ತಪ್ಪಿದ್ದನ್ನು ನೋಡಿರಲಿಲ್ಲ. ತಂತ್ರಜ್ಞ ನಗು ಬಿಟ್ಟು ಕೈ ಆಡಿಸತೊಡಗಿದ. ರೇಡಿಯೋದವರಿಗೆ ಮೌನವೆಂದರೆ ಬೆಂಕಿ ಬಿದ್ದ ಹಾಗೆ.

"ಬನ್ನಿ, ಈಗ ಆ ರೆಕಾರ್ಡಿನ ನಿಧಾನಗತಿಯ ಭಾಗ ಕೇಳೋಣ" ಎಂದಳು ಅಕ್ಕ. ದೀಪ ಆರಿತು.

ಸ್ಪೀಕರಿನಲ್ಲಿ ಅದು ಶುರುವಾಯಿತು, ಸರಿಯಾದ ವೇಗದಲ್ಲಿ. ನನ್ನ ಕಿವಿಗೆ ಅದು ಇವತ್ತಿಗೂ ಜ್ವರದಿಂದೆದ್ದವರ ದನಿ. ಅದೊಂದೇ ಅಲ್ಲ, ಜಗತ್ತಿನ ಸಂಗೀತವೆಲ್ಲ ನನಗೆ ಹಾಗೇ, ಮೆಟ್ಟಿಲು ತಪ್ಪಿ ಕೆಳಗೆ ಕಾಲಿಟ್ಟ ಹಾಗೆ. ಮದುವೆ ಮನೆಯಲ್ಲಿ ಯಾರಾದರೂ ಕೀಬೋರ್ಡ್ ಮುಂದೆ ಕೂತರೆ ನಾನು ಎದ್ದು ಹೊರಗೆ ಹೋಗುತ್ತೇನೆ. ಅಂಗಡಿಯಲ್ಲಿ ರೇಡಿಯೋ ಇಟ್ಟಿಲ್ಲ. ನನ್ನನ್ನು ಸಂಗೀತ ಬಾರದ ಜಡ ಎಂದು ಗಂಡನ ಮನೆಯವರು ಆಡಿಕೊಂಡಿದ್ದಾರೆ.

"ಅದನ್ನ ಇಲ್ಲಿ ಕೇಳ್ಬೇಕಿತ್ತಾ?" ಎಂದಳು ಅಕ್ಕ. ಜೇನು ಪೂರ್ತಿ ಇಳಿದುಹೋಗಿತ್ತು. "ಮಾನ ಕಳೀಬೇಕು ಅಂತಲೇ ಬಂದ್ಯಾ?"

"ನೀನೇ ಕರೆದದ್ದು. ಗೊತ್ತಿದ್ದೇ ಹೇಳಿದ್ಯಲ್ಲ, ಶ್ರುತಿ ಬೇಡ ಅನ್ನು ಅಂತ?"

"ಸಣ್ಣ ವಯಸ್ಸು ಕಣೇ."

"ಸಣ್ಣ ವಯಸ್ಸಿಗೆ ಟೇಪು ಕೀಳೋದೂ ಬರುತ್ತೆ, ಸುತ್ತೋದೂ ಬರುತ್ತೆ. ಬಾಯಿ ಬಿಟ್ಟು ಒಂದು ಮಾತು ಹೇಳೋದು ಬರ್ಲಿಲ್ವಾ?"

"ಹೇಳಿದ್ರೆ ಏನಾಗ್ತಿತ್ತು? ನೀನು ಒಂದು ವಾರದಲ್ಲಿ ಸರಿಮಾಡ್ಕೊಂಡು ಬಂದು ಸೇರ್ತಿದ್ದೆ." ಅವಳು ನನ್ನ ಮುಖ ನೋಡಲಿಲ್ಲ, ಪರದೆ ನೋಡುತ್ತಿದ್ದಳು. "ನಾನು ಅಲ್ಲಿ ಹಗಲೂ ರಾತ್ರಿ ಎಣಿಸ್ಕೊಂಡು, ಎಣಿಸ್ಕೊಂಡು ಸಾಯ್ತಿದ್ದೆ. ನೀನು ಬಂದು ಲೋಟ ಬಡಿದಷ್ಟು ಸುಲಭವಾಗಿ ಎಲ್ಲಾ ಹೇಳ್ತಿದ್ದೆ. ಆಮೇಲೆ ನನ್ನನ್ನ ಯಾರು ಕೇಳ್ತಿದ್ರು? ಮನೇಲಂತೂ ಯಾರೂ ಕೇಳ್ತಿರ್ಲಿಲ್ಲ. ಅಪ್ಪ ನನಗೆ ಒಂದು ಹೆಸರೂ ಇಡ್ಲಿಲ್ಲ."

ಹೊಡೆದುಬಿಡಬೇಕು ಎನ್ನಿಸಿತು. ಕೈ ಮೇಜಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು, ಅದಕ್ಕೇ ಹೊಡೆಯಲಿಲ್ಲ.

"ಅವತ್ತು ನಾನು ಬಾಗಿಲಾಚೆ ಬೆಂಚಿನ ಮೇಲೆ ಕೂತಿದ್ದೆ" ಎಂದಳು. "ನುಡಿಸೋದೂ ಕೇಳಿಸ್ತಿತ್ತು, ನೀನು ಹೇಳೋದೂ ಕೇಳಿಸ್ತಿತ್ತು. ಎಲ್ಲಾ ಒಂದೇ ಸಮ, ಪಕ್ಕದ್ದು, ಪಕ್ಕದ್ದು, ಪಕ್ಕದ್ದು. ಎಲ್ಲೂ ಒಂದು ಕೂದಲಷ್ಟು ಆಚೀಚೆ ಇಲ್ಲ. ಆ ಶಾಲೇಲಿ ಆಮೇಲೂ ನಾನು ಅಂಥ ಕಿವಿ ನೋಡ್ಲಿಲ್ಲ. ಅವನು ಒಂದೂ ಸರಿಯಿಲ್ಲ ಅಂದ. ನಿನ್ನದು ಒಂದೂ ತಪ್ಪಿಲ್ಲ ಅಂತ ಆ ಕಟ್ಟಡದಲ್ಲಿ ಗೊತ್ತಿದ್ದವಳು ನಾನೊಬ್ಬಳೇ."

"ಬಾಗಿಲು ತಳ್ಳಿ ಒಳಗೆ ಬರಬಹುದಿತ್ತು."

"ಬರಬಹುದಿತ್ತು" ಎಂದಳು.

ಅಷ್ಟೇ ಎಂದಳು. ತಪ್ಪಾಯಿತು ಎನ್ನಲಿಲ್ಲ. ಎಂದಿದ್ದರೂ ನಾನು ತೆಗೆದುಕೊಳ್ಳುತ್ತಿರಲಿಲ್ಲ. ಅಪ್ಪ ಸತ್ತದ್ದು ಮಗಳಿಗೆ ಕಿವಿಯಿಲ್ಲ ಎಂದು ನಂಬಿಕೊಂಡು, ಅದನ್ನು ಯಾವ 'ತಪ್ಪಾಯಿತು' ಅಳಿಸುತ್ತದೆ?

ನಿಧಾನಗತಿಯ ಭಾಗ ಮುಗಿಯುತ್ತ ಬಂತು. ಅಕ್ಕ ಕಣ್ಣೊರೆಸಿಕೊಂಡಳು, ನೀರು ಕುಡಿದಳು, ಗಂಟಲು ಸರಿಮಾಡಿಕೊಂಡಳು. ತಂತ್ರಜ್ಞ ಬೆರಳೆತ್ತಿದ. ಅವಳು ನನ್ನತ್ತ ತಿರುಗಿ ಬಾಗಿಲು ತೋರಿಸಿದಳು, ಎದ್ದು ಹೋಗು ಎಂದು ಕೈಯಲ್ಲೇ ಹೇಳಿದಳು. ಕೆಂಪು ದೀಪ ಹತ್ತಿತು.

"ಎಂಥ ಸಂಗೀತ, ಅಲ್ವಾ ಸ್ನೇಹಿತರೇ" ಎಂದಳು, ಜೇನು ಮತ್ತೆ ತುಂಬಿಕೊಂಡಿತ್ತು. "ನನ್ನ ತಂಗಿಗೆ ಅಂಗಡಿಯಿಂದ ಕರೆ ಬಂತು, ತುರ್ತಾಗಿ ಹೊರಡಬೇಕಾಯ್ತು. ಅವಳ ಪರವಾಗಿ ನಾನೇ ನಿಮಗೆಲ್ಲ ವಂದನೆ ಹೇಳ್ತೀನಿ."

ನಾನು ಮೈಕಿಗೆ ಬಾಯಿ ಕೊಟ್ಟೆ.

"ನಾನು ಎಲ್ಲೂ ಹೋಗಿಲ್ಲ. ಇಲ್ಲೇ ಕೂತಿದೀನಿ. ಬಾಗಿಲಾಚೆ ನಿಂಗೇನು ಕೇಳಿಸ್ತು ಅಂತ ಈಗ ನನಗೆ ಹೇಳಿದ್ಯಲ್ಲ ಅಕ್ಕ, ಅದನ್ನ ಇವರಿಗೂ ಹೇಳು."